ಕಿಲ್ಟ್ ಹೊತ್ತು ಎಡಿನ್‌ಬರಾದಿಂದ ಮೈಸೂರಿಗೆ: ನೆರಿಗೆ ಕೆಡದಂತೆ ಒಯ್ಯುವುದು ಹೇಗೆ?

ಪ್ರಶ್ನೆ: ಲೀತ್ ಸೊಸೆ

ಎಲ್ಲರಿಗೂ ನಮಸ್ಕಾರ. ಬರುವ ಫೆಬ್ರವರಿಯಲ್ಲಿ ಮೈಸೂರಿನಲ್ಲಿ ನನ್ನ ತಮ್ಮನ ಮದುವೆಯಿದೆ. ನಾನು ಹನ್ನೊಂದು ವರ್ಷಗಳಿಂದ ಎಡಿನ್‌ಬರಾದ ಲೀತ್‌ನಲ್ಲಿ ನೆಲೆಸಿದ್ದೇನೆ. ಪತಿ ಈ ಊರಿನವರೇ, ಮಾವನವರು ಇನ್ವರ್ನೆಸ್ ಕಡೆಯವರು. ಆರತಕ್ಷತೆಯ ಸಂಜೆ ತಂದೆ ಮಗ ಇಬ್ಬರೂ ಕಿಲ್ಟ್, ಅಂದರೆ ಸ್ಕಾಟ್ಲೆಂಡಿನ ಗಂಡಸರು ಸೊಂಟದಿಂದ ಮಂಡಿಯವರೆಗೆ ಉಡುವ ನೆರಿಗೆಯ ಉಡುಪು, ಉಟ್ಟು ಬರಬೇಕೆಂಬುದು ನಮ್ಮ ತಂದೆಯವರ ಆಸೆ. "ನಾವೆಲ್ಲ ಪಂಚೆ ಉಟ್ಟು ನಿಂತಿರುವಾಗ ಬೀಗರು ಸೂಟು ಹಾಕಿಕೊಂಡು ಬಂದರೆ ಏನು ಚೆಂದ, ಅವರ ಮನೆಯ ಉಡುಗೆಯಲ್ಲೇ ಬರಲಿ" ಎಂದು ಅವರು ಫೋನಿನಲ್ಲಿ ಹೇಳಿದ ಮಾತನ್ನು ಮಾವನವರು ಗಟ್ಟಿಯಾಗಿ ಹಿಡಿದುಕೊಂಡಿದ್ದಾರೆ.

ತೊಂದರೆ ಇರುವುದು ಕಿಲ್ಟುಗಳನ್ನು ಅಲ್ಲಿಯವರೆಗೆ ತಲುಪಿಸುವುದರಲ್ಲಿ. ಎರಡೂ ಎಂಟು ಗಜದ, 16 ಔನ್ಸ್ ಎಂಬ ದಪ್ಪ ದರ್ಜೆಯ ಉಣ್ಣೆ ಬಟ್ಟೆಯ ಕಿಲ್ಟುಗಳು. ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟು ನೋಡಿದೆ, ಒಂದೊಂದೂ ಎರಡು ಕೆ.ಜಿ.ಗಿಂತ ತುಸು ಹೆಚ್ಚೇ ತೂಗುತ್ತದೆ. ಐದು ವರ್ಷಗಳ ಹಿಂದೆ ಡಬ್ಲಿನ್‌ಗೆ ಒಂದು ಮದುವೆಗೆ ಹೋದಾಗ ಪತಿಯ ಕಿಲ್ಟನ್ನು ನಾನೇ ಪೆಟ್ಟಿಗೆಗೆ ಹಾಕಿದ್ದೆ. ರೇಷ್ಮೆ ಸೀರೆ ಮಡಿಸುವ ಅಭ್ಯಾಸದ ಕೈ, ಹಾಗೆಯೇ ನಾಲ್ಕು ಮಡಿಕೆ ಮಾಡಿ, ಅದರ ಮೇಲೆ ಬೂಟುಗಳನ್ನು ಇಟ್ಟುಬಿಟ್ಟೆ. ಅಲ್ಲಿ ತೆಗೆದು ನೋಡಿದರೆ ಉದ್ದುದ್ದ ನೆರಿಗೆಗಳ ನಡುವೆ ಅಡ್ಡಲಾಗಿ ಒಂದು ಗೆರೆ, ಗರಗಸದಿಂದ ಕೊಯ್ದ ಹಾಗೆ ಕೂತಿತ್ತು. ಗಾಬರಿಯಿಂದ ಹೋಟೆಲಿನ ಇಸ್ತ್ರಿಪೆಟ್ಟಿಗೆಯನ್ನು ನೇರವಾಗಿ ಬಟ್ಟೆಯ ಮೇಲೆ ಉಜ್ಜಿದ್ದರಿಂದ ಹಿಂಭಾಗದಲ್ಲಿ ಅಂಗೈಯಗಲದ ಹೊಳಪು ಬಂತು. ಅದು ಇಂದಿಗೂ ಪೂರ್ತಿ ಹೋಗಿಲ್ಲ. ನನ್ನ ಪತಿ ಒಂದು ಮಾತೂ ಆಡಲಿಲ್ಲ, ಅದೇ ಹೆಚ್ಚು ಚುಚ್ಚಿತು.

ಈ ಸಲ ಎಡಿನ್‌ಬರಾದಿಂದ ದೋಹಾ, ಅಲ್ಲಿಂದ ಬೆಂಗಳೂರು. ಕಿಲ್ಟುಗಳನ್ನು ಕೈಚೀಲದಲ್ಲಿ ಒಯ್ಯುವುದೋ, ಚೆಕ್-ಇನ್ ಸೂಟ್‌ಕೇಸಿನಲ್ಲಿ ಹಾಕುವುದೋ? ಮಡಿಸುವುದೋ, ಸುತ್ತುವುದೋ? ಕಾಲುಚೀಲದಲ್ಲಿ ಸಿಕ್ಕಿಸಿಕೊಳ್ಳುವ ಸ್ಕೀಯನ್ ಡೂ ಎಂಬ ಚಿಕ್ಕ ಚಾಕು, ಸೊಂಟದ ಮುಂದೆ ತೂಗುವ ಸ್ಪೋರನ್ ಎಂಬ ಚರ್ಮದ ಚೀಲ, ಲೋಹದ ಪಿನ್ನು ಇವನ್ನೆಲ್ಲ ಏನು ಮಾಡಬೇಕು? ಮಾವನವರು "ಉಟ್ಟುಕೊಂಡೇ ವಿಮಾನ ಹತ್ತಿದರೆ ತಕರಾರೇ ಇಲ್ಲವಲ್ಲ" ಎನ್ನುತ್ತಿದ್ದಾರೆ. ಹಾಗೆ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ನಿಜ ಹೇಳಿ.

ಉತ್ತರ 1: ಕ್ಲೈಡ್ ದಂಡೆ

ಲೀತ್ ಸೊಸೆಯವರೇ, ನಾನು ಗ್ಲಾಸ್ಗೋದಲ್ಲಿದ್ದೇನೆ. ಗೆಳೆಯರ ಮದುವೆಗಳಿಗೆಂದು ಒಂದು ಕಿಲ್ಟ್ ಹೊಲಿಸಿಕೊಂಡು ಎಂಟು ವರ್ಷವಾಯಿತು, ಅದರೊಡನೆ ಹಲವು ಸಲ ವಿಮಾನ ಹತ್ತಿದ್ದೇನೆ. ನನ್ನ ಮಟ್ಟಿಗೆ ಮೊದಲ ನಿಯಮ ಒಂದೇ: ಕಿಲ್ಟ್ ಕೈಯಲ್ಲಿ, ಚಾಕು ಕೆಳಗೆ. ಅಂದರೆ ಕಿಲ್ಟ್ ನಿಮ್ಮೊಡನೆ ಕ್ಯಾಬಿನ್‌ಗೆ ಬರಬೇಕು, ಸ್ಕೀಯನ್ ಡೂ ಚೆಕ್-ಇನ್ ಪೆಟ್ಟಿಗೆಯಲ್ಲಿ ಹೋಗಬೇಕು. ದೋಹಾದಲ್ಲಿ ಸೂಟ್‌ಕೇಸು ಹಿಂದುಳಿದರೆ ಅಂಗಿ, ಬೂಟು, ಕಾಲುಚೀಲಗಳನ್ನು ಮೈಸೂರಿನ ಯಾವ ಅಂಗಡಿಯಲ್ಲಾದರೂ ಕೊಳ್ಳಬಹುದು. ಎಂಟು ಗಜದ ಕಿಲ್ಟ್ ಅಲ್ಲಿ ಎಲ್ಲಿಯೂ ಸಿಗುವುದಿಲ್ಲ. ಅಳತೆ ಕೊಟ್ಟು ಕೈಹೊಲಿಗೆಯಲ್ಲಿ ಮಾಡಿಸಿದ ಉಡುಪಾದ್ದರಿಂದ ಎಡಿನ್‌ಬರಾದಲ್ಲಿಯೂ ವಾರದೊಳಗೆ ಇನ್ನೊಂದು ಸಿಗುವಂಥದ್ದಲ್ಲ.

ಆದರೆ ಇಲ್ಲಿ ಒಂದು ಲೆಕ್ಕವಿದೆ, ಹೆಚ್ಚಿನವರು ಎಡವುವುದು ಅಲ್ಲಿಯೇ. ಸೊಂಟದಿಂದ ಮಂಡಿಯವರೆಗೆ ಬರುವ ಕಿಲ್ಟಿನ ಉದ್ದ ಸಾಮಾನ್ಯ ಎತ್ತರದ ಗಂಡಸಿಗೆ 24 ಅಂಗುಲದ ಆಸುಪಾಸು, ಎಂದರೆ ಸುಮಾರು 61 ಸೆಂ.ಮೀ. ಸುತ್ತಿಟ್ಟರೆ ಅಷ್ಟೇ ಉದ್ದದ ಒಂದು ಕೊಳವೆ ಸಿದ್ಧವಾಗುತ್ತದೆ. ಗಲ್ಫ್ ಮಾರ್ಗದ ವಿಮಾನಗಳಲ್ಲಿ ಕ್ಯಾಬಿನ್ ಪೆಟ್ಟಿಗೆಯ ಉದ್ದ 50ರಿಂದ 55 ಸೆಂ.ಮೀ. ಮಾತ್ರ. ಆದ್ದರಿಂದ ಆ ಸುರುಳಿ ಪೆಟ್ಟಿಗೆಯೊಳಗೆ ನೇರವಾಗಿ ಕೂರುವುದಿಲ್ಲ, ಮೂಲೆಯಿಂದ ಮೂಲೆಗೆ ಓರೆಯಾಗಿ ಇಡಬೇಕು. 55 ಸೆಂ.ಮೀ. ಉದ್ದ, 38 ಸೆಂ.ಮೀ. ಅಗಲದ ಪೆಟ್ಟಿಗೆಯ ಓರೆ ಅಳತೆ ಸುಮಾರು 67 ಸೆಂ.ಮೀ. ಆಗುವುದರಿಂದ ಅದರಲ್ಲಿ ಹಿಡಿಸುತ್ತದೆ. 50ಕ್ಕೆ 37 ಇದ್ದರೆ 62 ಸೆಂ.ಮೀ. ಬರುತ್ತದೆ, ಸುರುಳಿಯ ದಪ್ಪವನ್ನು ಗಮನಿಸಿದರೆ ಅದು ಸಾಲದು. ಗಟ್ಟಿ ಪೆಟ್ಟಿಗೆಗಿಂತ ಮೆತ್ತನೆಯ ಬಟ್ಟೆಯ ಚೀಲ ಇಲ್ಲಿ ವಾಸಿ, ಒಂದೆರಡು ಸೆಂಟಿಮೀಟರ್ ಅದು ಹೊಂದಿಕೊಳ್ಳುತ್ತದೆ. ಹೊರಡುವ ಮುನ್ನ ನಿಮ್ಮ ಟಿಕೆಟ್ಟಿನಲ್ಲಿರುವ ಅಳತೆಯನ್ನೂ ಮಾವನವರ ಕಿಲ್ಟಿನ ಉದ್ದವನ್ನೂ ಟೇಪು ಹಿಡಿದು ನೋಡಿಕೊಳ್ಳಿ. ಅವರು ಎತ್ತರದವರಾಗಿದ್ದರೆ ಇನ್ನೂ ಎರಡು ಅಂಗುಲ ಸೇರುತ್ತದೆ. ಆ ಮಾರ್ಗಗಳಲ್ಲಿ ಕೈಚೀಲದ ತೂಕ ಸಾಮಾನ್ಯವಾಗಿ 7 ಕೆ.ಜಿ.ಗೆ ಸೀಮಿತ ಎಂಬುದನ್ನೂ ಮರೆಯಬೇಡಿ. ಇಬ್ಬರದು ಎರಡು ಚೀಲವಾಗುವುದರಿಂದ ತೂಕ ನಿಮಗೆ ತೊಡಕಾಗದು.

ಸುತ್ತುವ ವಿಧಾನ ಹೀಗೆ. ಕಿಲ್ಟನ್ನು ಹಾಸಿಗೆಯ ಮೇಲೆ ಪೂರ್ತಿ ಬಿಚ್ಚಿ, ಒಳಭಾಗ ಮೇಲೆ ಬರುವಂತೆ ಹರಡಿ, ಕೆಳಗಿನ ನೆರಿಗೆಗಳನ್ನು ಒಂದೊಂದಾಗಿ ಸಮ ಮಾಡಿ. ನೆರಿಗೆಗಳೆಲ್ಲ ಒಂದೇ ದಿಕ್ಕಿಗೆ ಮಲಗಿರುತ್ತವೆ. ಸುತ್ತುವಾಗ ಅವು ಎದ್ದು ಬಾಯಿ ಬಿಡದೆ ಮತ್ತಷ್ಟು ಮಲಗುವ ಕಡೆಯಿಂದ ಆರಂಭಿಸಿ. ನಡುವೆ ಒಂದು ಮೆತ್ತನೆಯ ಟವೆಲ್ಲನ್ನು ಸುರುಳಿ ಮಾಡಿ ಇಟ್ಟುಕೊಂಡರೆ ಒಳಸುತ್ತು ತೀರ ಬಿಗಿಯಾಗುವುದಿಲ್ಲ. ಸೊಂಟದ ಬಕಲ್ಲುಗಳು ಉಣ್ಣೆಗೆ ಒತ್ತಿಕೊಂಡು ಅಚ್ಚು ಮೂಡಿಸುತ್ತವೆ, ಅವಕ್ಕೆ ಒಂದೊಂದು ಕರವಸ್ತ್ರ ಸುತ್ತಿ. ಕೊನೆಗೆ ಇಡೀ ಸುರುಳಿಯನ್ನು ಹೆಂಗಸರ ಉದ್ದ ನೈಲಾನ್ ಸ್ಟಾಕಿಂಗ್ಸಿನ ಒಂದು ಕಾಲಿನೊಳಗೆ ತೂರಿಸಿ. ಇದು ಇಲ್ಲಿನ ಹಳಬರ ಉಪಾಯ. ಸ್ಟಾಕಿಂಗ್ಸು ಎಲ್ಲ ಕಡೆಯಿಂದಲೂ ಒಂದೇ ಸಮನಾಗಿ ಹಿಡಿದುಕೊಳ್ಳುತ್ತದೆ, ದಾರ ಕಟ್ಟಿದರೆ ಬೀಳುವಂಥ ಗೆರೆಯೂ ಬೀಳುವುದಿಲ್ಲ. ಇದಕ್ಕೆಂದೇ ಹೊಲಿದ ಕೊಳವೆಯಾಕಾರದ ಚೀಲಗಳನ್ನು ಕಿಲ್ಟ್ ಅಂಗಡಿಗಳು ಮಾರುತ್ತವೆ, ಹಿಡಿಕೆಯೂ ಇರುತ್ತದೆ. ಆದರೆ ಅದನ್ನು ವಿಮಾನದವರು ಇನ್ನೊಂದು ಕೈಚೀಲವೆಂದು ಎಣಿಸಿದರೆ ವಾದಿಸಿ ಪ್ರಯೋಜನವಿಲ್ಲ.

ಉತ್ತರ 2: ಸೂಜಿದಾರ

ಮೇಲಿನ ಉತ್ತರದಲ್ಲಿ ಹೆಚ್ಚಿನದನ್ನು ಒಪ್ಪುತ್ತೇನೆ. ಆದರೆ ಸುತ್ತುವುದಕ್ಕಿಂತ ಮೊದಲು ಮಾಡಬೇಕಾದ ಒಂದು ಕೆಲಸ ಅಲ್ಲಿ ಬಿಟ್ಟುಹೋಗಿದೆ, ನನ್ನ ಲೆಕ್ಕದಲ್ಲಿ ಮುಖ್ಯವಾದದ್ದು ಅದೇ. ನಾನು ಹುಬ್ಬಳ್ಳಿಯಲ್ಲಿ ಹೊಲಿಗೆ ಕಲಿತವಳು, ಎಡಿನ್‌ಬರಾದಲ್ಲಿ ಕಿಲ್ಟ್ ದುರಸ್ತಿ ಮಾಡುವ ಒಂದು ಚಿಕ್ಕ ಅಂಗಡಿಯಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ್ದೇನೆ.

ಕಿಲ್ಟಿನ ರಚನೆ ತಿಳಿದರೆ ಅದನ್ನು ಹೇಗೆ ಒಯ್ಯಬೇಕೆಂಬುದು ತಾನಾಗಿ ಗೊತ್ತಾಗುತ್ತದೆ. ಎಂಟು ಗಜ ಎಂದರೆ ಏಳು ಮೀಟರಿಗೂ ಹೆಚ್ಚಿನ ಬಟ್ಟೆ. ಅದರಲ್ಲಿ ಬಹುಪಾಲು ಹಿಂಭಾಗದ ಇಪ್ಪತ್ತೈದು ಮೂವತ್ತು ನೆರಿಗೆಗಳಲ್ಲಿ ಅಡಗಿರುತ್ತದೆ. ಮುಂದೆ ಒಂದರ ಮೇಲೊಂದು ಬರುವ ಎರಡು ಏಪ್ರನ್‌ಗಳು ನೆರಿಗೆಯಿಲ್ಲದೆ ಸಪಾಟಾಗಿರುತ್ತವೆ. ನೆರಿಗೆಗಳನ್ನು ಸೊಂಟದಿಂದ ಪೃಷ್ಠದವರೆಗೆ ಮಾತ್ರ ಹೊಲಿದು ಕೂರಿಸಿ, ಒಳಗೆ ಗಟ್ಟಿ ಕ್ಯಾನ್ವಾಸು ಕೊಟ್ಟಿರುತ್ತಾರೆ. ಅಲ್ಲಿಂದ ಕೆಳಗೆ ಅವು ಬಿಡಿಬಿಡಿಯಾಗಿ ಬೀಳುತ್ತವೆ, ನಡೆಯುವಾಗ ಕಿಲ್ಟ್ ಬೀಸುವುದು ಅದರಿಂದಲೇ. ಹಿಂದಿನ ಕಾಲದ ದೊಡ್ಡ ಕಿಲ್ಟ್ ನಮ್ಮ ಪಂಚೆಯಂತೆಯೇ ಹೊಲಿಗೆಯಿಲ್ಲದ ಉದ್ದ ಬಟ್ಟೆ. ಉಡುವಾಗ ನೆರಿಗೆ ಹಿಡಿದು ಮೇಲೆ ಪಟ್ಟಿ ಬಿಗಿಯುತ್ತಿದ್ದರು, ಬಿಚ್ಚಿದರೆ ಕಂಬಳಿಯ ಹಾಗೆ ಮಡಿಸಿಡಬಹುದಿತ್ತು. ನೆರಿಗೆಯನ್ನು ಹೊಲಿದು ಕೂರಿಸುವ ಪದ್ಧತಿ 18ನೇ ಶತಮಾನದ ಕೊನೆಯ ಹೊತ್ತಿಗೆ ಬಂತು, ನಿಮ್ಮ ಡಬ್ಲಿನ್ ಸಂಕಟದ ಬೀಜವೂ ಅಲ್ಲಿಯೇ ಬಿತ್ತು ಎನ್ನಬೇಕು.

ಹೀಗಿರುವಾಗ ಪ್ರಯಾಣದಲ್ಲಿ ಕೆಡುವುದು ಮೇಲಿನ ಹೊಲಿದ ಭಾಗವಲ್ಲ, ಕೆಳಗಿನ ಬಿಡಿ ಭಾಗ. ಅದನ್ನು ಹಿಡಿದಿಡಲು ಕಚ್ಚಾ ಹೊಲಿಗೆ ಹಾಕಬೇಕು. ಹೊಸ ಕಿಲ್ಟ್ ದರ್ಜಿಯ ಕೈಯಿಂದ ಬರುವಾಗ ನೆರಿಗೆಗಳ ಮೇಲೆ ಬಿಳಿ ನೂಲಿನ ಉದ್ದುದ್ದ ಹೊಲಿಗೆಗಳು ಇರುತ್ತವೆ, ನಿಮ್ಮ ಪತಿಯವರು ಮೊದಲ ಸಲ ಉಡುವಾಗ ಅವನ್ನು ಕತ್ತರಿಸಿ ತೆಗೆದಿರಬೇಕು. ಅವನ್ನೇ ಮತ್ತೆ ಹಾಕುವುದು. ಬೇರೆ ಬಣ್ಣದ ಹತ್ತಿಯ ನೂಲು ತೆಗೆದುಕೊಳ್ಳಿ, ಆಗ ಬಿಚ್ಚುವಾಗ ಕಣ್ಣಿಗೆ ಕಾಣುತ್ತದೆ. ಪ್ರತಿ ನೆರಿಗೆಯ ಅಂಚನ್ನು ಪಕ್ಕದ ನೆರಿಗೆಗೆ ಸೇರಿಸುತ್ತ, ಅಡ್ಡಲಾಗಿ ಒಂದು ಸಾಲು ಹೊಲಿದ ಭಾಗ ಮುಗಿಯುವಲ್ಲಿಂದ ನಾಲ್ಕು ಅಂಗುಲ ಕೆಳಗೆ, ಇನ್ನೊಂದು ನಡುವೆ, ಮೂರನೆಯದು ಕೆಳಅಂಚಿನಿಂದ ಒಂದೂವರೆ ಅಂಗುಲ ಮೇಲೆ. ಹೊಲಿಗೆ ಸಡಿಲವಾಗಿರಲಿ, ಎಳೆದು ಬಿಗಿದರೆ ನೂಲೇ ಬಟ್ಟೆಯ ಮೇಲೆ ಅಚ್ಚೊತ್ತುತ್ತದೆ. ಟಾರ್ಟನ್ ಎಂಬ ಈ ಕಿಲ್ಟ್ ಬಟ್ಟೆಯ ಚೌಕಳಿ ಗೆರೆಗಳು ನೆರಿಗೆಯಿಂದ ನೆರಿಗೆಗೆ ಕೂಡಿಕೊಂಡು ಹೋಗುತ್ತಿವೆಯೇ ಎಂದು ನೋಡಿಕೊಂಡರೆ ಸಾಕು, ಸಮವಾಗಿದೆಯೋ ಇಲ್ಲವೋ ಬಟ್ಟೆಯೇ ಹೇಳುತ್ತದೆ. ಒಂದು ಕಿಲ್ಟಿಗೆ ಮುಕ್ಕಾಲು ಗಂಟೆ ಹಿಡಿಯಬಹುದು. ಹೀಗೆ ಹೊಲಿದ ಕಿಲ್ಟನ್ನು ಸುತ್ತಿದರೂ ಸರಿ, ಚಪ್ಪಟೆಯಾಗಿ ಇಟ್ಟರೂ ಸರಿ, ನೆರಿಗೆ ಅಲುಗುವುದಿಲ್ಲ.

ಚಪ್ಪಟೆಯಾಗಿ ಇಡುವುದನ್ನು ಕ್ಲೈಡ್ ದಂಡೆಯವರು ಪ್ರಸ್ತಾಪಿಸಲಿಲ್ಲ. ದೊಡ್ಡ ಚೆಕ್-ಇನ್ ಸೂಟ್‌ಕೇಸಿನ ಒಳಉದ್ದ 24 ಅಂಗುಲಕ್ಕಿಂತ ಹೆಚ್ಚಿದ್ದರೆ ಎರಡು ಏಪ್ರನ್‌ಗಳನ್ನು ನೆರಿಗೆಯ ಮೇಲೆ ಒಳಕ್ಕೆ ಮಡಚಿ, ಅಡ್ಡ ಮಡಿಕೆಯೇ ಇಲ್ಲದೆ ಪೂರ್ತಿ ಉದ್ದಕ್ಕೆ ಮಲಗಿಸಬಹುದು. ಬಟ್ಟೆಯ ದೃಷ್ಟಿಯಿಂದ ನೋಡಿದರೆ ಇದೇ ಉತ್ತಮ ಸ್ಥಿತಿ. ಆದರೆ ಪೆಟ್ಟಿಗೆ ಕಳೆದುಹೋದೀತೆಂಬ ಭಯಕ್ಕೆ ನನ್ನಲ್ಲಿ ಮದ್ದಿಲ್ಲ, ಆದ್ದರಿಂದ ಕೈಚೀಲವೇ ಇರಲಿ.

ಇನ್ನು ಇಸ್ತ್ರಿ. ಮೈಸೂರು ತಲುಪಿದ ಕೂಡಲೇ ಸುರುಳಿ ಬಿಚ್ಚಿ, ಕಚ್ಚಾ ಹೊಲಿಗೆ ತೆಗೆಯದೆ, ಸೊಂಟಪಟ್ಟಿಯನ್ನು ಕ್ಲಿಪ್ ಇರುವ ಗಟ್ಟಿ ಹ್ಯಾಂಗರಿಗೆ ಸಿಕ್ಕಿಸಿ ಒಂದು ರಾತ್ರಿ ತೂಗುಹಾಕಿ. ಎರಡು ಕೆ.ಜಿ. ಭಾರವೇ ಅರ್ಧ ಕೆಲಸ ಮಾಡುತ್ತದೆ. ಸಣ್ಣಪುಟ್ಟ ಸುಕ್ಕುಗಳು ಉಳಿದರೆ ಬಚ್ಚಲುಮನೆಯಲ್ಲಿ ಬಿಸಿನೀರು ಬಿಟ್ಟು ಹಬೆ ತುಂಬಿಸಿ, ಅಲ್ಲಿ ಕಾಲು ಗಂಟೆ ತೂಗುಬಿಡಿ. ಅದಕ್ಕೂ ಜಗ್ಗದಿದ್ದರೆ ಮಾತ್ರ ಇಸ್ತ್ರಿಪೆಟ್ಟಿಗೆ. ಹಳೆಯ ಹತ್ತಿ ಪಂಚೆಯೊಂದನ್ನು ಒದ್ದೆ ಮಾಡಿ ಚೆನ್ನಾಗಿ ಹಿಂಡಿ ಕಿಲ್ಟಿನ ಮೇಲೆ ಹಾಸಿ, ಪೆಟ್ಟಿಗೆಯನ್ನು ಉಣ್ಣೆಯ ಬಿಸಿಗೆ ಇಟ್ಟು, ಒತ್ತಿ, ಎತ್ತಿ, ಮುಂದಿನ ಜಾಗಕ್ಕೆ ಹೋಗಿ. ಉಜ್ಜಬಾರದು. ಒಣ ಉಣ್ಣೆಯನ್ನು ಬರಿ ಕಬ್ಬಿಣದಿಂದ ಉಜ್ಜಿದರೆ ಎಳೆಯ ಮೇಲ್ಮೈ ಚಪ್ಪಟೆಯಾಗುತ್ತದೆ, ನಿಮಗೆ ಕಂಡ ಹೊಳಪು ಅದೇ. ಒದ್ದೆ ಬಟ್ಟೆಯ ಹಬೆ ಕೊಟ್ಟು ಮೆತ್ತನೆಯ ಬ್ರಷ್ಷಿನಿಂದ ಎಳೆಗಳನ್ನು ಎಬ್ಬಿಸಿದರೆ ಆ ಹಳೆಯ ಹೊಳಪೂ ಸಾಕಷ್ಟು ಇಳಿಯಬಹುದು, ಪ್ರಯತ್ನಿಸಿ.

ಬೀದಿಯ ಇಸ್ತ್ರಿ ಗಾಡಿಗೆ ಕೊಡಬೇಡಿ. ಅವರ ಕೈಚಳಕದ ಬಗ್ಗೆ ನನಗೆ ಅನುಮಾನವಿಲ್ಲ, ಕೆಂಡದ ಪೆಟ್ಟಿಗೆಯ ಬಿಸಿಯನ್ನು ಉಣ್ಣೆಗೆ ತಕ್ಕಂತೆ ಇಳಿಸುವುದು ಕಷ್ಟ. ಈಗ ನಮ್ಮ ಊರುಗಳಲ್ಲಿ ಮದುವೆ ಸೀರೆಗಳಿಗೆ ಮುಂಚಿತವಾಗಿ ನೆರಿಗೆ ಕೂರಿಸಿ, ಬಾಕ್ಸ್ ಫೋಲ್ಡಿಂಗ್ ಮಾಡಿಕೊಡುವ ಹೆಣ್ಣುಮಕ್ಕಳಿದ್ದಾರಲ್ಲ, ಅವರ ಬಳಿ ಹಬೆಯ ಇಸ್ತ್ರಿಯೂ ಇರುತ್ತದೆ, ನೆರಿಗೆಯ ಮೇಲೆ ಕಣ್ಣೂ ಇರುತ್ತದೆ. ಕಿಲ್ಟ್ ಕೊಡುವುದಾದರೆ ಅವರಿಗೆ ಕೊಡಿ, ಒದ್ದೆ ಬಟ್ಟೆಯ ಮಾತನ್ನು ಮಾತ್ರ ಮೊದಲೇ ಹೇಳಿ.

ಉತ್ತರ 3: ಕೊಡಗಿನ ಕಾಫಿ

ಕಿಲ್ಟಿನ ಬಗ್ಗೆ ನನಗೆ ಏನೂ ಗೊತ್ತಿಲ್ಲ, ಚಾಕುವಿನ ಬಗ್ಗೆ ಮಾತ್ರ ಬರೆಯುತ್ತೇನೆ. ನಾನು ಕೊಡವ, ಬರ್ಮಿಂಗ್‌ಹ್ಯಾಮ್‌ನಲ್ಲಿದ್ದೇನೆ. ಕುಪ್ಯ ಚೇಲೆ ತೊಟ್ಟರೆ ಸೊಂಟದಲ್ಲಿ ಪೀಚೆಕತ್ತಿ ಇರಲೇಬೇಕು, ಆದ್ದರಿಂದ ನಿಮ್ಮ ಮಾವನವರ ಕಷ್ಟ ನಮ್ಮದೂ ಹೌದು. ನನ್ನ ಪೀಚೆಕತ್ತಿ ಊರಿಗೂ ಇಲ್ಲಿಗೂ ನಾಲ್ಕು ಸಲ ಹೋಗಿ ಬಂದಿದೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. ಸ್ಕಾಟ್ಲೆಂಡಿನಲ್ಲಿ ಸಾರ್ವಜನಿಕ ಸ್ಥಳದಲ್ಲಿ ಚೂಪಾದ ಅಲಗು ಇಟ್ಟುಕೊಳ್ಳುವುದರ ವಿರುದ್ಧ 1995ರ ಕಾಯಿದೆಯಿದೆ. ಅದರ 49ನೇ ಸೆಕ್ಷನ್ನಿನಲ್ಲಿ ರಾಷ್ಟ್ರೀಯ ಉಡುಪಿನ ಭಾಗವಾಗಿ ಧರಿಸಿದ್ದರೆ ಅದನ್ನು ಸಮರ್ಥನೆಯಾಗಿ ಹೇಳಿಕೊಳ್ಳಲು ಅವಕಾಶವಿದೆ, ಧಾರ್ಮಿಕ ಕಾರಣಕ್ಕೂ ಇದೆ. ಸ್ಕೀಯನ್ ಡೂ ಸಿಕ್ಕಿಸಿಕೊಂಡು ಮದುವೆಗೆ ಹೋಗುವವರಿಗೆ ಆಸರೆ ಅದೇ. ಆದರೆ ಆ ಸಮರ್ಥನೆ ಬೀದಿಗೆ, ಸಭಾಂಗಣಕ್ಕೆ. ವಿಮಾನದ ಕ್ಯಾಬಿನ್‌ಗೆ ಅಲ್ಲ. ಹಾಗೆಯೇ ಭಾರತದಲ್ಲಿ ದೇಶದೊಳಗಿನ ಹಾರಾಟಗಳಲ್ಲಿ ಸಿಖ್ಖರ ಕಿರ್ಪಾಣಕ್ಕೆ ಅಳತೆಯ ಮಿತಿಯೊಳಗೆ ವಿನಾಯಿತಿ ಉಂಟು, ಅಲಗು 6 ಅಂಗುಲ, ಒಟ್ಟು ಉದ್ದ 9 ಅಂಗುಲ ಮೀರಬಾರದು. ಅದನ್ನು ಕೇಳಿ ಪೀಚೆಕತ್ತಿಗೋ ಸ್ಕೀಯನ್ ಡೂಗೋ ಅದೇ ರಿಯಾಯಿತಿ ಸಿಗುತ್ತದೆಂದು ಯಾರೂ ಭಾವಿಸಬಾರದು. ನಮ್ಮವರಿಗೆ ಬ್ರಿಟಿಷರ ಕಾಲದಿಂದ ಕೋವಿಯ ಪರವಾನಗಿಯಲ್ಲಿ ವಿನಾಯಿತಿ ಇದೆಯೆಂದು ಹೆಮ್ಮೆಪಡುವ ನನ್ನ ಚಿಕ್ಕಪ್ಪನವರು ಒಮ್ಮೆ ಭದ್ರತಾ ತಪಾಸಣೆಯಲ್ಲಿ ಅದನ್ನೇ ವಿವರಿಸಲು ಹೊರಟು ಹಿಂದಿನ ಸಾಲನ್ನೆಲ್ಲ ನಿಲ್ಲಿಸಿದ್ದರು.

ಸ್ಕೀಯನ್ ಡೂವಿನ ಅಲಗು ಮೂರರಿಂದ ನಾಲ್ಕು ಅಂಗುಲ. ಅದನ್ನು ಒರೆಗೆ ಹಾಕಿ, ಒರೆಯ ಮೇಲೆ ದಪ್ಪ ರಟ್ಟು ಸುತ್ತಿ ಟೇಪು ಅಂಟಿಸಿ, ಚೆಕ್-ಇನ್ ಪೆಟ್ಟಿಗೆಯ ನಡುಭಾಗದಲ್ಲಿ ಇಡಿ. ಪೆಟ್ಟಿಗೆ ತೆರೆದು ಪರಿಶೀಲಿಸುವವರ ಕೈಗೆ ಚುಚ್ಚಬಾರದು ಎಂಬುದೇ ಇದರ ಉದ್ದೇಶ. ಜೊತೆಗೆ ಉಡುಗೆ ತೊಟ್ಟ ಒಂದು ಫೋಟೋ ಇಡುವುದು ನನ್ನ ಅಭ್ಯಾಸ. ಒಂದು ಸಲ ಬೆಂಗಳೂರಿನಲ್ಲಿ ಪೆಟ್ಟಿಗೆ ತೆರೆಸಿದಾಗ ಹತ್ತು ಮಾತು ಹೇಳಬೇಕಾಗಿದ್ದ ಕಡೆ ಆ ಚಿತ್ರ ತೋರಿಸಿದೆ, ಅಧಿಕಾರಿ ನಕ್ಕು ಮುಚ್ಚಿಕೊಟ್ಟರು. ಮಾವನವರ ಬಳಿ ಡರ್ಕ್ ಎಂಬ ಉದ್ದ ಕಠಾರಿಯೂ ಇದ್ದರೆ ಅದನ್ನು ಮನೆಯಲ್ಲೇ ಬಿಡಲಿ. ಅದರ ಅಲಗು ಸುಮಾರು ಒಂದು ಅಡಿ, ಭಾರತದ ಆಯುಧ ನಿಯಮಗಳಲ್ಲಿ 9 ಅಂಗುಲಕ್ಕಿಂತ ಉದ್ದದ ಅಲಗು ಪರವಾನಗಿಯ ಮಾತಿಗೆ ಬರುತ್ತದೆ. ಅಲಗೇ ಇಲ್ಲದ, ಹಿಡಿ ಮಾತ್ರ ಕಾಣುವ ಸ್ಕೀಯನ್ ಡೂಗಳನ್ನೂ ಮಾರುತ್ತಾರೆಂದು ಸ್ಕಾಟ್ ಗೆಳೆಯರು ಹೇಳುತ್ತಾರೆ. ಕಾಲುಚೀಲದಿಂದ ಹೊರಗೆ ಕಾಣುವುದು ಹಿಡಿಯಷ್ಟೇ ಆದ್ದರಿಂದ ಆರತಕ್ಷತೆಗೆ ಧಾರಾಳವಾಗಿ ಸಾಕು. ಆದರೂ ಅದನ್ನು ಕೈಚೀಲದಲ್ಲಿ ಇಡಬೇಡಿ, ಆಯುಧದಂತೆ ಕಾಣುವುದನ್ನೂ ತಡೆಯುವ ಅಧಿಕಾರ ಅವರಿಗಿದೆ.

ನಿಜವಾದ ಅಪಾಯ ಹೋಗುವಾಗ ಅಲ್ಲ, ಬರುವಾಗ. ಹೋಗುವಾಗ ಎಲ್ಲರೂ ಎಚ್ಚರವಾಗಿರುತ್ತಾರೆ. ಮದುವೆ ಮುಗಿದ ರಾತ್ರಿ ದಣಿದು ಉಡುಗೆ ಕಳಚುವಾಗ ಚಾಕು ಸ್ಪೋರನ್ನಿನೊಳಗೋ ಕೋಟಿನ ಜೇಬಿಗೋ ಸೇರುತ್ತದೆ, ಅದೇ ಚೀಲ ಮರುದಿನ ಎಕ್ಸ್-ರೇ ಯಂತ್ರದೊಳಗೆ ಹೋಗುತ್ತದೆ.

ಉತ್ತರ 4: ಮಂಡಿ ಚಳಿ

ಮೂವರೂ ಸೇರಿ ಮಾವನವರ ಕೊನೆಯ ಪ್ರಶ್ನೆಯನ್ನು ಜಾಣತನದಿಂದ ದಾಟಿಬಿಟ್ಟಿದ್ದೀರಿ. ನಾನು ಉಟ್ಟುಕೊಂಡು ಹೋಗಿದ್ದೇನೆ, ಎರಡು ಸಲ. 2024ರ ಯೂರೋ ಫುಟ್‌ಬಾಲ್ ಪಂದ್ಯಗಳಿಗೆ ಅಬರ್ಡೀನಿನ ಗೆಳೆಯರ ಜೊತೆ ಜರ್ಮನಿಗೆ ಹೋದಾಗ ವಿಮಾನದಲ್ಲಿ ಅರ್ಧಕ್ಕರ್ಧ ಜನ ಕಿಲ್ಟಿನಲ್ಲೇ ಇದ್ದರು, ಟಾರ್ಟನ್ ಆರ್ಮಿ ಎಂದು ಕರೆಸಿಕೊಳ್ಳುವ ಆ ಅಭಿಮಾನಿಗಳಿಗೆ ಅದೇ ಸಮವಸ್ತ್ರ. ಆದರೆ ಅವರು ಉಡುವುದು ಬಹುಪಾಲು ಐದು ಗಜದ ಹಗುರ ಕಿಲ್ಟ್, ಹಾರಾಟ ಎರಡು ಗಂಟೆಯದು. ನಿಮ್ಮದು ದೋಹಾದವರೆಗೆ ಏಳು ಗಂಟೆ, ಅಲ್ಲಿಂದ ಮತ್ತೆ ನಾಲ್ಕು.

ಕುಳಿತುಕೊಳ್ಳುವಾಗ ಹಿಂದಿನ ನೆರಿಗೆಗಳನ್ನು ಎರಡೂ ಕೈಯಿಂದ ಕೆಳಮುಖವಾಗಿ ಸವರಿಕೊಂಡು ಕೂರಬೇಕು, ನಮ್ಮ ಹೆಂಗಸರು ಸೀರೆ ಒತ್ತರಿಸಿಕೊಂಡು ಕೂರುವ ಹಾಗೆ. ಒಂದು ಸಲ ಸರಿಯಾಗಿ ಕೂರಬಹುದು. ಹನ್ನೊಂದು ಗಂಟೆಯ ಪ್ರಯಾಣದಲ್ಲಿ ಹತ್ತು ಸಲ ಎದ್ದು ಕೂರುವಾಗ ಆ ಶಿಸ್ತು ಉಳಿಯುವುದಿಲ್ಲ. ಇಳಿಯುವ ಹೊತ್ತಿಗೆ ಹಿಂಭಾಗ ಆನೆ ತುಳಿದ ಬಾಳೆಯ ತೋಟದಂತಿರುತ್ತದೆ. ಸೀಟ್‌ಬೆಲ್ಟಿನ ಕೊಂಡಿ ಸ್ಪೋರನ್ನಿಗೆ ತಗಲುವುದರಿಂದ ಸ್ಪೋರನ್ನನ್ನು ಪಕ್ಕಕ್ಕೆ ತಿರುಗಿಸಿಕೊಳ್ಳಬೇಕು.

ಭದ್ರತೆಯಲ್ಲಿ ಸ್ಪೋರನ್ ಮತ್ತು ಅದರ ಲೋಹದ ಸರಪಳಿ, ಬೆಲ್ಟು, ಪಿನ್ನು ಎಲ್ಲವನ್ನೂ ತಟ್ಟೆಗೆ ಹಾಕಿದರೂ ಸೊಂಟದ ಮೂರು ಬಕಲ್ಲುಗಳು ಉಡುಪಿಗೇ ಹೊಲಿದಿರುತ್ತವೆ, ಅವನ್ನು ತೆಗೆಯಲಾಗದು. ಆದ್ದರಿಂದ ಕೈಯಿಂದ ತಡಕಿ ನೋಡುವ ಪರೀಕ್ಷೆ ಹೆಚ್ಚುಕಡಿಮೆ ಖಚಿತ. ಕಿಲ್ಟಿನ ಒಳಗೆ ಏನೂ ತೊಡಬಾರದೆಂಬ ಹಳೆಯ ಹರಟೆಯನ್ನು ಆ ದಿನದ ಮಟ್ಟಿಗಾದರೂ ಪಕ್ಕಕ್ಕಿಟ್ಟು, ಮಾವನವರು ಗೌರವದಿಂದ ಒಂದು ಚಡ್ಡಿ ಧರಿಸಿಕೊಳ್ಳಲಿ. ನೇರವಾಗಿ ಹೇಳುವುದಾದರೆ, ಪ್ಯಾಂಟು ಹಾಕಿಕೊಂಡು ಬರಲಿ.

ಲೀತ್ ಸೊಸೆ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಮಂಡಿ ಚಳಿಯವರ ಉತ್ತರವನ್ನು ಮಾವನವರಿಗೆ ಅನುವಾದಿಸಿ ಓದಿ ಹೇಳಿದೆ, ಬಾಳೆಯ ತೋಟದ ಮಾತಿಗೆ ಅವರು ಸೋತು ಪ್ಯಾಂಟಿಗೆ ಒಪ್ಪಿದ್ದಾರೆ.

ಇನ್ನು ಎರಡು ಸಂದೇಹಗಳು ಉಳಿದಿವೆ. ಅವರ ಔಪಚಾರಿಕ ಸ್ಪೋರನ್ ಹಳೆಯದು, ಮುಂಭಾಗಕ್ಕೆ ಸೀಲ್ ಪ್ರಾಣಿಯ ತುಪ್ಪಳು ಹಾಕಿದ್ದಾರೆ. ಅದನ್ನು ತರಬಹುದೇ? ಮತ್ತು 16 ಔನ್ಸ್ ಉಣ್ಣೆಯನ್ನು ಮೈಸೂರಿನ ಫೆಬ್ರವರಿಯಲ್ಲಿ ತಡೆದುಕೊಳ್ಳಲಾದೀತೇ?

ಕ್ಲೈಡ್ ದಂಡೆ

ತುಪ್ಪಳಿನ ಸ್ಪೋರನ್ ಬಿಟ್ಟು ಬನ್ನಿ. ಅಮೆರಿಕದಲ್ಲಿ 1972ರ ಸಾಗರ ಸಸ್ತನಿ ರಕ್ಷಣಾ ಕಾಯಿದೆಯ ಪ್ರಕಾರ ಸೀಲ್ ತುಪ್ಪಳಿನ ವಸ್ತುಗಳನ್ನು ಒಳಗೆ ತರುವುದು ನಿಷಿದ್ಧ, ಯೂರೋಪಿನಲ್ಲಿಯೂ 2009ರಿಂದ ಅದರ ವ್ಯಾಪಾರಕ್ಕೆ ಕಟ್ಟುನಿಟ್ಟು ಬಂದಿದೆ. ನೀವು ಹೋಗುತ್ತಿರುವುದು ಆ ದೇಶಗಳಿಗಲ್ಲ, ಆದರೂ ಕಾಗದಪತ್ರವಿಲ್ಲದ ಪ್ರಾಣಿಯ ತುಪ್ಪಳನ್ನು ಹಿಡಿದುಕೊಂಡು ಮೂರು ದೇಶಗಳ ಕಸ್ಟಮ್ಸಿನ ಮುಂದೆ ನಿಲ್ಲುವುದು ಬೇಡದ ಚಿಂತೆ. ಹಗಲು ಹೊತ್ತು ಬಳಸುವ ಸಾದಾ ಚರ್ಮದ ಸ್ಪೋರನ್ ಸಾಕು. ಅದರೊಳಗೆ ವಿಸ್ಕಿಯ ಫ್ಲಾಸ್ಕ್ ಉಳಿದಿದೆಯೇ ಎಂದು ನೋಡಿ ಖಾಲಿ ಮಾಡಿಸಿ. ಎಡಿನ್‌ಬರಾದಲ್ಲಿ ದಾಟಿದ್ದು ದೋಹಾದ ಎರಡನೆಯ ತಪಾಸಣೆಯಲ್ಲಿ ದಾಟಲೇಬೇಕೆಂದಿಲ್ಲ, ಆದ್ದರಿಂದ ದೊಡ್ಡ ಪಿನ್ನನ್ನೂ ಚೆಕ್-ಇನ್ ಪೆಟ್ಟಿಗೆಗೆ ಹಾಕಿಬಿಡಿ.

ಸೆಕೆಯ ವಿಷಯ: ಮೈಸೂರಿನಲ್ಲಿ ಫೆಬ್ರವರಿಯ ಹಗಲು ಮೂವತ್ತು ಡಿಗ್ರಿಯ ಆಸುಪಾಸು ಏರುತ್ತದೆ, ಸಂಜೆ ಹಿತವಾಗಿರುತ್ತದೆ. ಕಾಲಿಗೆ ಗಾಳಿ ಆಡುವುದರಿಂದ ಕಿಲ್ಟಿಗಿಂತ ಮೇಲಿನ ಉಣ್ಣೆಯ ಕೋಟು ಮತ್ತು ಒಳಕೋಟುಗಳೇ ಬೇಯಿಸುವುದು. ಫೋಟೋ ಮುಗಿದ ಮೇಲೆ ಕೋಟು ಕಳಚಿ ಅಂಗಿಯಲ್ಲೇ ಇರಲಿ.

ಲೀತ್ ಸೊಸೆ: ಮಾರ್ಚ್ ತಿಂಗಳಲ್ಲಿ

ಹೋಗಿ ಬಂದೆವು. ಇಲ್ಲಿ ಕೇಳಿ ಹೋದವಳು ಏನಾಯಿತೆಂದು ಹೇಳದೆ ಇರಬಾರದೆಂದು ಬರೆಯುತ್ತಿದ್ದೇನೆ.

ಸೂಜಿದಾರ ಅವರು ಹೇಳಿದಂತೆ ಮೂರು ಸಾಲು ಕಚ್ಚಾ ಹೊಲಿಗೆ ಹಾಕಿದೆ. ಮುಕ್ಕಾಲು ಗಂಟೆ ಎಂದಿದ್ದರು, ನನಗೆ ಮೊದಲನೆಯದಕ್ಕೆ ಒಂದೂಮುಕ್ಕಾಲು ಗಂಟೆ ಹಿಡಿಯಿತು, ಎರಡನೆಯದನ್ನು ಮಾವನವರೇ ಕನ್ನಡಕ ಏರಿಸಿಕೊಂಡು ಹೊಲಿದರು. ಪತಿಯ ಕಿಲ್ಟ್ ಬಟ್ಟೆಯ ಚೀಲದಲ್ಲಿ ಓರೆಯಾಗಿ ಕೂತಿತು. ಮಾವನವರದು 26 ಅಂಗುಲ, ಏನು ಮಾಡಿದರೂ ಹಿಡಿಸಲಿಲ್ಲ. ಅದನ್ನು ದೊಡ್ಡ ಸೂಟ್‌ಕೇಸಿನಲ್ಲಿ ಚಪ್ಪಟೆಯಾಗಿ ಮಲಗಿಸಿ, ಬೆಂಗಳೂರಿನಲ್ಲಿ ಪೆಟ್ಟಿಗೆ ಬೆಲ್ಟಿನ ಮೇಲೆ ಕಾಣಿಸುವವರೆಗೆ ಅವರು ಯಾರೊಡನೆಯೂ ಮಾತಾಡಲಿಲ್ಲ. ನೋಡಿದರೆ ಚಪ್ಪಟೆಯಾಗಿ ಹೋದದ್ದೇ ಹೆಚ್ಚು ಚೆನ್ನಾಗಿತ್ತು, ಒಂದು ರಾತ್ರಿ ತೂಗುಹಾಕಿದ ಮೇಲೆ ಇಸ್ತ್ರಿಯೇ ಬೇಕಾಗಲಿಲ್ಲ. ಸುತ್ತಿದ್ದರಲ್ಲಿ ಒಳಸುತ್ತಿನ ಏಪ್ರನ್ ಸ್ವಲ್ಪ ಬಳುಕಿತ್ತು, ತಂದೆಯವರ ಹಳೆಯ ಪಂಚೆಯೊಂದನ್ನು ಒದ್ದೆ ಮಾಡಿ ಒತ್ತಿದಾಗ ಸರಿಹೋಯಿತು.

ಹಿಂದಿರುಗುವ ಹಿಂದಿನ ರಾತ್ರಿ ಕೊಡಗಿನ ಕಾಫಿಯವರ ಮಾತು ನೆನಪಾಗಿ ಕೈಚೀಲಗಳನ್ನು ಮತ್ತೆ ತೆಗೆದು ನೋಡಿದೆ. ಚಾಕು ಸ್ಪೋರನ್ನಿನಲ್ಲಿ ಇರಲಿಲ್ಲ, ಕೋಟಿನ ಜೇಬಿನಲ್ಲೂ ಇರಲಿಲ್ಲ. ಕಾಲುಚೀಲದೊಳಗೇ ಉಳಿದು, ಆ ಕಾಲುಚೀಲ ಬೂಟಿನೊಳಗೆ ಸೇರಿ, ಬೂಟು ಪತಿಯ ಕೈಚೀಲದ ತಳದಲ್ಲಿತ್ತು.

ಸೂಜಿದಾರ

ಓದಿ ಸಂತೋಷವಾಯಿತು. ಒಂದು ಮಾತು ಬಾಕಿಯಿದೆ. ಕಿಲ್ಟುಗಳನ್ನು ಈಗಲೇ ಬೀರುವಿಗೆ ಸೇರಿಸಬೇಡಿ. ಬೆವರು, ಮದುವೆಮನೆಯ ಊಟದ ಕಲೆ ಇರುವ ಉಣ್ಣೆಯೆಂದರೆ ನುಸಿಗೆ ಬಲು ಇಷ್ಟ. ಎರಡು ದಿನ ಗಾಳಿಗೆ ತೂಗುಹಾಕಿ, ನೆರಿಗೆಗಳ ಒಳಮೈಯನ್ನು ಬ್ರಷ್ಷಿನಿಂದ ಜಾಡಿಸಿ, ಕಲೆಯಿದ್ದಲ್ಲಿ ಮಾತ್ರ ಒದ್ದೆ ಬಟ್ಟೆಯಿಂದ ಒರೆಸಿ. ಸಾರಿನ ಕಲೆಯಾಗಿದ್ದು ಅರಿಶಿನ ಅಂಟಿಕೊಂಡಿದ್ದರೆ ನೀವಾಗಿ ಏನೂ ಮಾಡಲು ಹೋಗದೆ ಕಿಲ್ಟ್ ತೊಳೆದ ಅನುಭವವಿರುವ ಡ್ರೈಕ್ಲೀನರಿಗೆ ಕೊಡಿ, ಕೊಡುವ ಮುನ್ನ ಆ ಕಚ್ಚಾ ಹೊಲಿಗೆಯನ್ನು ಇನ್ನೊಮ್ಮೆ ಹಾಕಬೇಕಾಗುತ್ತದೆ. ಈ ಸಲ ಎರಡನ್ನೂ ಮಾವನವರ ಕೈಗೇ ಕೊಡಬಹುದು.